ಕಾಲುವೆಗೆ ನೀರು ಬಿಟ್ಟ ತಿಂಗಳಲ್ಲಿ ಖಾಲಿ ಮಾಡಿದ ಕೊಳ: ಒಂದು ಪ್ರಕರಣ ಅಧ್ಯಯನ

ಕೊಪ್ಪಳ ಜಿಲ್ಲೆಯ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಹಳೆಯ ಅಕ್ಕಿ ಗಿರಣಿಯ ಗೋದಾಮಿನೊಳಗೆ ಕಟ್ಟಿದ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ) ತರಬೇತಿ ಕೊಳವೊಂದರ ಪ್ರಕರಣ ಇದು. ಊರು, ಮಾಲೀಕರು, ಗುತ್ತಿಗೆದಾರರು ಯಾರೆಂದು ಗೊತ್ತಾಗದಂತೆ ಬರೆದಿದೆ. ಅಳತೆಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ಸ್ವಲ್ಪ ಸವರಿದೆ. ಆಳವಾದ ಕೊಳ ಕಟ್ಟುವವರಿಗೆ ಮಾತ್ರವಲ್ಲ, ಕಾಲುವೆ ಸೀಮೆಯಲ್ಲಿ ನೆಲದೊಳಗೆ ಸಂಪು, ಟ್ಯಾಂಕು ಕಟ್ಟುವ ಯಾರಿಗಾದರೂ ಇದು ಬೇಕಾದ ವಿಷಯ.

ಹಿನ್ನೆಲೆ

ಸಾಮಾನ್ಯ ಈಜುಕೊಳದ ಆಳ ಒಂದೂವರೆ, ಎರಡು ಮೀಟರ್. ಎತ್ತರದ ಹಲಗೆಯಿಂದ ಜಿಗಿಯುವ ಸ್ಪರ್ಧೆಗೆ 5 ಮೀಟರ್ ಇರುತ್ತದೆ. ಈ ಕೊಳದ ಆಳ 14 ಮೀಟರ್. ಜಗತ್ತಿನ ದೊಡ್ಡ ಡೈವಿಂಗ್ ಕೊಳಗಳ ಮುಂದೆ ಇದು ಚಿಕ್ಕದು: 2004ರಲ್ಲಿ ತೆರೆದ ಬ್ರಸೆಲ್ಸ್‌ನ ನೆಮೊ 33 ಸುಮಾರು 34.5 ಮೀಟರ್, 2014ರ ಇಟಲಿಯ ವೈ-40 ಸುಮಾರು 42, 2020ರ ಪೋಲೆಂಡಿನ ಡೀಪ್‌ಸ್ಪಾಟ್ 45, 2021ರ ಡೀಪ್ ಡೈವ್ ದುಬೈ 60 ಮೀಟರ್. ಆದರೆ ಕಲಿಯುವವರಿಗೆ 14 ಮೀಟರ್ ಧಾರಾಳವಾಯಿತು. ನೀರಿನ ಮೇಲ್ಮೈಯಿಂದ 10 ಮೀಟರ್ ಇಳಿಯುವಷ್ಟರಲ್ಲೇ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಕಿವಿಯ ಒತ್ತಡ ಸರಿದೂಗಿಸುವುದು, ಜಾಕೆಟ್‌ಗೆ ಗಾಳಿ ತುಂಬಿ ತೇಲದೆ ಮುಳುಗದೆ ನಿಲ್ಲುವುದು, ಮೇಲೇರುವಾಗ ಉಸಿರು ಕಟ್ಟದಿರುವುದು, ಈ ಮೂರರ ಕಷ್ಟವೆಲ್ಲ ಆ ಮೊದಲ 10 ಮೀಟರ್‌ನಲ್ಲೇ ಇದೆ.

ಕೊಳ ಕಟ್ಟಿಸಿದವರ ಉದ್ದೇಶ ನದಿ ಮತ್ತು ಕಾಲುವೆಗಳಲ್ಲಿ ಶೋಧ, ರಕ್ಷಣೆ ಮಾಡುವವರಿಗೆ ತರಬೇತಿ ಕೊಡುವುದು. ತುಂಗಭದ್ರೆಯ ದಂಡೆಯಲ್ಲಿ ಆ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದವರು ಅಂಬಿಗರು. ಅವರ ಸಾಧನ ಹರಿಗೋಲು, ಹಗ್ಗ, ಪಾತಾಳಗರಡಿ. ಕೆಲವೊಮ್ಮೆ ಬರೀ ಉಸಿರು. ಕೆಂಪು ನೀರಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಮೊದಲು ತಿಳಿನೀರಿನಲ್ಲಿ ಕೈ ಪಳಗಬೇಕು ಎಂಬ ಆ ಯೋಚನೆ ಒಳ್ಳೆಯದೇ ಆಗಿತ್ತು. ಕೊಳಕ್ಕೆ ಬಂದ ಕಷ್ಟದಿಂದ ಆ ಯೋಚನೆಗೆ ಕೆಟ್ಟ ಹೆಸರು ಬರಬಾರದು.

ಕೊಳದ ರಚನೆ ಹೀಗಿತ್ತು. ಮೇಲೆ 12 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಆಳದ ಅಂಗಳ. ಅದರ ನಡುವೆ 5 ಮೀಟರ್ ವ್ಯಾಸದ ದುಂಡನೆಯ ಗುಂಡಿ, ಇನ್ನೂ 11 ಮೀಟರ್ ಕೆಳಕ್ಕೆ. ಅಲ್ಲಿನವರು ಅದನ್ನು ಬಾವಿ ಎಂದೇ ಕರೆಯುತ್ತಿದ್ದರು. ಇಲ್ಲೂ ಹಾಗೇ ಕರೆಯೋಣ. ಬಾವಿಯ ಗೋಡೆ 40 ಸೆಂಟಿಮೀಟರ್ ದಪ್ಪದ ಕಾಂಕ್ರೀಟು, ತಳದ ಸ್ಲ್ಯಾಬ್ 30 ಸೆಂಟಿಮೀಟರ್. ಒಟ್ಟು ನೀರು 504 ಘನ ಮೀಟರ್, ಎಂದರೆ 5 ಲಕ್ಷ ಲೀಟರ್‌ಗಿಂತ ತುಸು ಹೆಚ್ಚು. ಅಗೆದಾಗ ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, 12 ಮೀಟರ್ ದಾಟಿದ ಮೇಲೆ ಸೀಳುಗಳಿರುವ ಕಲ್ಲು ಸಿಕ್ಕಿತು. ಬೇಸಿಗೆಯಲ್ಲಿ ಅಗೆದದ್ದರಿಂದ ಒರತೆ ಬಹಳ ಇರಲಿಲ್ಲ. ಕಲ್ಲಿನ ಮೇಲೆ ಕೂತ ತಳ ಎಲ್ಲಿಗೂ ಹೋಗುವುದಿಲ್ಲವೆಂದು ಸ್ಲ್ಯಾಬ್‌ನ ಕೆಳಮುಖಕ್ಕೆ ದಪ್ಪ ಸರಳು ಹಾಕಿ, ಮೇಲ್ಮುಖಕ್ಕೆ ತೆಳು ಜಾಲರಿಯನ್ನಷ್ಟೇ ಹಾಕಿದರು. ತಳದಡಿಯ ನೀರಿನ ಒತ್ತಡವನ್ನು ಬಿಟ್ಟುಕೊಡುವ ವಾಲ್ವ್ ನಕ್ಷೆಯಲ್ಲಿತ್ತು. ಖರ್ಚು ಉಳಿಸಲು ಅದನ್ನು ಕೈಬಿಟ್ಟರು.

ಸೋರಿಕೆ

ಏಪ್ರಿಲ್ ಕೊನೆಗೆ ಕೊಳ ತುಂಬಿತು. ಜೂನ್ ಹೊತ್ತಿಗೆ ನೀರಿನ ಮಟ್ಟ ದಿನಕ್ಕೆ 22 ಮಿಲಿಮೀಟರ್ ಇಳಿಯುತ್ತಿತ್ತು. ಬಿಸಿಲಿನ ನಾಡು, ಆವಿಯಾಗುತ್ತಿರಬೇಕು ಎಂದು ಮೊದಲು ಅಂದುಕೊಂಡರು. ಹೌದೋ ಅಲ್ಲವೋ ತಿಳಿಯಲು ಬಕೆಟ್ ಪರೀಕ್ಷೆ ಸಾಕು. ಕೊಳದ ನೀರನ್ನೇ ಬಕೆಟ್‌ನಲ್ಲಿ ತುಂಬಿ, ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಟ್ಟು, ಒಳಗೂ ಹೊರಗೂ ಗುರುತು ಹಾಕಿ 24 ಗಂಟೆ ಬಿಡಬೇಕು. ಎರಡಕ್ಕೂ ಒಂದೇ ಬಿಸಿ, ಒಂದೇ ಗಾಳಿ. ಬಕೆಟ್‌ನಲ್ಲಿ ಇಳಿದದ್ದು 4 ಮಿಲಿಮೀಟರ್. ಉಳಿದ 18 ಮಿಲಿಮೀಟರ್ ಸೋರಿಕೆ. 96 ಚದರ ಮೀಟರ್ ಮೇಲ್ಮೈಗೆ ಲೆಕ್ಕ ಹಾಕಿದರೆ ದಿನಕ್ಕೆ 1,700 ಲೀಟರ್.

ಫಿಲ್ಟರ್ ಪಂಪ್ ಓಡಿಸಿ ಒಂದು ದಿನ, ನಿಲ್ಲಿಸಿ ಒಂದು ದಿನ ಅಳೆದರು. ವ್ಯತ್ಯಾಸವಿರಲಿಲ್ಲ. ಹಾಗಾಗಿ ಒತ್ತಡದ ಪೈಪು ಒಡೆದಿಲ್ಲ, ಸೋರುತ್ತಿರುವುದು ಕೊಳದ ಮೈಯೇ ಎಂದು ತಿಳಿಯಿತು. ಇಲ್ಲಿಯವರೆಗಿನ ಕೆಲಸದಲ್ಲಿ ಹೆಸರಿಡುವಂಥದ್ದೇನೂ ಇಲ್ಲ.

ಜುಲೈನಲ್ಲಿ ಕಾಲುವೆಗೆ ನೀರು ಬಂತು, ಸುತ್ತ ಭತ್ತದ ನಾಟಿ ನಡೆಯಿತು. ಸೋರಿಕೆ ತಾನಾಗಿಯೇ ಕಡಿಮೆಯಾಗತೊಡಗಿತು. ಜುಲೈ ಕೊನೆಗೆ 14, ಆಗಸ್ಟ್‌ನಲ್ಲಿ 10, ಸೆಪ್ಟೆಂಬರ್‌ನಲ್ಲಿ 7 ಮಿಲಿಮೀಟರ್. ಗಡಸು ನೀರಿನ ಸುಣ್ಣ ಕೂತು ಬಿರುಕು ಮುಚ್ಚಿಕೊಳ್ಳುತ್ತಿದೆ ಎಂದು ಎಲ್ಲರೂ ಸಮಾಧಾನಪಟ್ಟರು. ಕಾಂಕ್ರೀಟಿನ ಕೂದಲೆಳೆಯಂಥ ಬಿರುಕು ಹಾಗೆ ಮುಚ್ಚಿಕೊಳ್ಳುವುದುಂಟು, ಆದ್ದರಿಂದ ಆ ಊಹೆ ದಡ್ಡತನವಲ್ಲ. ಆದರೆ ಈ ಪ್ರಕರಣದ ಕೀಲಿ ಇದ್ದದ್ದು ಇಲ್ಲೇ. ಸೋರಿಕೆ ಎಷ್ಟೆಂಬುದನ್ನು ತೂತು ಒಂದೇ ನಿರ್ಧರಿಸುವುದಿಲ್ಲ. ಒಳಗಿನ ನೀರಿಗೂ ಹೊರಗಿನ ಅಂತರ್ಜಲಕ್ಕೂ ಇರುವ ಮಟ್ಟದ ಅಂತರವೂ ನಿರ್ಧರಿಸುತ್ತದೆ. ತೂತು 7 ಮೀಟರ್ ಆಳದಲ್ಲಿತ್ತೆಂದು ಆಮೇಲೆ ಗೊತ್ತಾಯಿತು. ಜೂನ್‌ನಲ್ಲಿ ಅಂತರ್ಜಲ ಅದಕ್ಕಿಂತ ಕೆಳಗೆ, 9 ಮೀಟರ್‌ನಲ್ಲಿತ್ತು. ಹಾಗಾಗಿ ನೀರನ್ನು ಹೊರಗೆ ತಳ್ಳುವ ಒತ್ತಡ ಪೂರ್ತಿ 7 ಮೀಟರ್‌ನದು. ಸೆಪ್ಟೆಂಬರ್‌ನಲ್ಲಿ ಅಂತರ್ಜಲ 2.7 ಮೀಟರ್‌ಗೆ ಏರಿತ್ತು; ಉಳಿದ ಅಂತರ 2.7 ಮೀಟರ್ ಮಾತ್ರ. 18ನ್ನು 2.7ರಿಂದ ಗುಣಿಸಿ 7ರಿಂದ ಭಾಗಿಸಿದರೆ ಬರುವುದು 6.9. ತೂತು ಒಂದಿಷ್ಟೂ ಮುಚ್ಚಿರಲಿಲ್ಲ. ಹೊರಗೆ ನೀರು ಎಷ್ಟು ಮೇಲೆ ಬಂದಿದೆ ಎಂಬುದನ್ನು ಕೊಳ ದಿನವೂ ಅಂಕಿಯಲ್ಲಿ ಹೇಳುತ್ತಿತ್ತು. ಅದನ್ನು ಹಾಗೆ ಓದಿದವರು ಯಾರೂ ಇರಲಿಲ್ಲ.

ಖಾಲಿ ಮಾಡುವ ತೀರ್ಮಾನ

ಗಣೇಶನ ಹಬ್ಬದ ಆಸುಪಾಸು ತರಬೇತಿ ಇರಲಿಲ್ಲ, ಟೈಲ್ಸ್ ಕೆಲಸದವರು ಬಿಡುವಾಗಿದ್ದರು. ಪೂರ್ತಿ ಖಾಲಿ ಮಾಡಿ, ಸೋರುವ ಜಾಗ ಹುಡುಕಿ, ಒಂದೇ ಏಟಿಗೆ ಮುಗಿಸಿಬಿಡೋಣ ಎಂದು ವ್ಯವಸ್ಥಾಪಕರು ತೀರ್ಮಾನಿಸಿದರು. ಮುಖ್ಯ ತರಬೇತುದಾರರು ಮೊದಲು ಬಣ್ಣ ಬಿಟ್ಟು ನೀರೊಳಗೇ ಹುಡುಕೋಣ ಎಂದರೂ, ಒಣಗಿದ ಮೇಲೆ ಮಾಡಿದ ಕೆಲಸವೇ ಗಟ್ಟಿ ಎಂಬ ಮಾತು ಗೆದ್ದಿತು. ಪಕ್ಕದ ಗದ್ದೆಯ ರೈತರೊಬ್ಬರು ಪೈಪಿನಿಂದ ನೀರು ಹೋಗುವುದನ್ನು ಕಂಡು ಕೇಳಿದರು: "ಈಗ್ಯಾಕ ಖಾಲಿ ಮಾಡಾಕತ್ತೀರಿ ಸರ? ಕಾಲುವಿ ಬಿಟ್ಟಾರ, ನಮ್ಮ ಬಾವ್ಯಾಗ ಒಂಬತ್ತು ಫೂಟಿಗೇ ನೀರ ಅದಾವ." ವ್ಯವಸ್ಥಾಪಕರ ಉತ್ತರ: "ನಿಮ್ದು ಮಣ್ಣಿನ ಬಾವಿ ಗೌಡ್ರ, ನಮ್ದು ಕಾಂಕ್ರೀಟು. ಒಳಗ ಬರಂಗಿಲ್ಲ ತಗೋರಿ."

ಸೋರುವ ತೂತೊಂದನ್ನು ಬಿಟ್ಟರೆ ಒಳಗೆ ಬರುವುದಿಲ್ಲ ಎಂಬುದು ನಿಜ. ಬರಲಾರದ ನೀರು ಎತ್ತುತ್ತದೆ ಎಂಬುದು ಆ ಮಾತಿನಲ್ಲಿ ತಪ್ಪಿಹೋಗಿತ್ತು.

ಲೆಕ್ಕ ಕಷ್ಟದ್ದಲ್ಲ. ತಳದ ಸ್ಲ್ಯಾಬ್‌ನ ಅಡಿಭಾಗ ನೆಲದಿಂದ 14.3 ಮೀಟರ್ ಕೆಳಗಿದೆ, ಅಂತರ್ಜಲ 2.7 ಮೀಟರ್‌ನಲ್ಲಿದೆ. ಅಂತರ 11.6 ಮೀಟರ್. ಎಂದರೆ ಪ್ರತಿ ಚದರ ಮೀಟರ್‌ಗೆ 11.6 ಟನ್ ಮೇಲ್ಮುಖ ಒತ್ತಡ. ಸ್ಲ್ಯಾಬ್‌ನ ಸ್ವಂತ ತೂಕ 0.75 ಟನ್. ಕೊಳ ತುಂಬಿದ್ದಾಗ ಮೇಲೆ 14 ಟನ್ ನೀರು ಕೂತಿರುತ್ತದೆ, ತಳ ನಿಶ್ಚಿಂತೆಯಾಗಿ ಕೆಳಕ್ಕೆ ಒತ್ತಿಕೊಂಡಿರುತ್ತದೆ. ನೀರು 3.15 ಮೀಟರ್ ಇಳಿದ ಕ್ಷಣ ಎರಡೂ ಸಮವಾಗುತ್ತವೆ. ಮೇಲಿನ ಅಂಗಳ ಖಾಲಿಯಾಗಿ ಬಾವಿಯ ಬಾಯಿ ಕಾಣತೊಡಗಿದ ಹೊತ್ತಿಗೇ ತಳ ಮೇಲಕ್ಕೆ ಒತ್ತಿಸಿಕೊಳ್ಳಲು ಶುರುವಾಗಿತ್ತು.

ಬಾವಿಯ ಇಡೀ ಮೈಯನ್ನು ತೆಗೆದುಕೊಂಡರೆ, ಗೋಡೆ 187 ಟನ್, ತಳ 20 ಟನ್, ಸೇರಿ 207 ಟನ್. ಅದರಡಿಯ 26.4 ಚದರ ಮೀಟರ್ ಮೇಲೆ ನೀರು ಎತ್ತುವ ಬಲ 306 ಟನ್. ಪೂರ್ತಿ ಖಾಲಿ ಮಾಡಿದ್ದರೆ ಸುಮಾರು 100 ಟನ್ ಬಲ ಬಾವಿಯೂ ಅಂಗಳವೂ ಕೂಡುವ ಒಂದೇ ಜೋಡಣೆಯ ಮೇಲೆ ಬೀಳುತ್ತಿತ್ತು.

ಬಿರುಕು ಬಿಟ್ಟ ರಾತ್ರಿ

ಗಂಟೆಗೆ 10 ಸಾವಿರ ಲೀಟರ್ ಎತ್ತುವ ಪಂಪ್ ಎರಡು ದಿನ ಹತ್ತಿರ ಓಡಿತು. ಬಾವಿಯಲ್ಲಿ 4 ಮೀಟರ್ ನೀರು ಉಳಿದಿದ್ದಾಗ, ರಾತ್ರಿ ಹನ್ನೊಂದರ ಸುಮಾರಿಗೆ, ಕಾವಲುಗಾರನಿಗೆ ಕೆಳಗಿನಿಂದ ಹಂಚು ಒಡೆದಂಥ ಸದ್ದು ಕೇಳಿಸಿತು. ಟಾರ್ಚ್ ಬಿಟ್ಟು ನೋಡಿದರೆ ತಿಳಿಯಾಗಿದ್ದ ನೀರಿನ ನಡುವಿನಿಂದ ಮಣ್ಣು ಬಣ್ಣದ ಹೊಗೆಯಂಥದ್ದು ಏಳುತ್ತಿತ್ತು. ತಳದ ಟೈಲ್ಸ್ ಗುಡಾರದಂತೆ ಎದ್ದು ಬಿಟ್ಟುಕೊಂಡಿದ್ದವು.

ಆಗ ತಳದ ಮೇಲಿದ್ದ ನಿವ್ವಳ ಮೇಲ್ಮುಖ ಒತ್ತಡ ಚದರ ಮೀಟರ್‌ಗೆ 6.85 ಟನ್. ಅಂಚು ಗೋಡೆಗೆ ಕಟ್ಟಿಕೊಂಡಿದ್ದು ನಡುವೆ ಮೇಲಕ್ಕೆ ಉಬ್ಬುವ ಸ್ಲ್ಯಾಬ್‌ನಲ್ಲಿ ಎಳೆತ ಬೀಳುವುದು ನಟ್ಟನಡುವಿನ ಮೇಲ್ಮುಖಕ್ಕೆ. ಸರಿಯಾಗಿ ಅಲ್ಲೇ ಸರಳು ತೆಳುವಾಗಿತ್ತು.

ಮುಂದಿನ ಒಂದು ಗಂಟೆಯಲ್ಲಿ ಮೂರು ಸಲಹೆಗಳು ಬಂದವು. ಒಬ್ಬರು ಎರಡನೇ ಪಂಪ್ ಇಳಿಸಿ ಬೇಗ ಖಾಲಿ ಮಾಡಿ ಬಿರುಕಿಗೆ ಸಿಮೆಂಟ್ ತುರುಕೋಣ ಎಂದರು. ಕಿರಿಯ ಡೈವರ್ ಒಬ್ಬ ಸಿಲಿಂಡರ್ ಕಟ್ಟಿಕೊಂಡು ಇಳಿದು ನೋಡಿಬರುತ್ತೇನೆಂದು ಸಿದ್ಧನಾದ. ಫೋನಿನಲ್ಲಿ ಸಿಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಅಳತೆ ಕೇಳಿ ಎರಡೇ ಮಾತು ಹೇಳಿದರು: ಪಂಪ್ ನಿಲ್ಲಿಸಿ, ಸಿಕ್ಕ ನೀರು ತುಂಬಿಸಿ. ಮೊದಲನೆಯ ಸಲಹೆ ನಡೆದಿದ್ದರೆ ಉಳಿದ 4 ಮೀಟರ್ ನೀರಿನ ಭಾರವೂ, ಎಂದರೆ 78 ಟನ್, ಬಾವಿಯ ಮೇಲಿಂದ ಹೋಗಿಬಿಡುತ್ತಿತ್ತು.

ಡೈವರ್‌ನನ್ನು ತಡೆದವರು ಮುಖ್ಯ ತರಬೇತುದಾರರು. ಇದನ್ನು ಒತ್ತಿ ಹೇಳಬೇಕು. ನೀರಿನ ಮೇಲ್ಮೈ ದಡದಿಂದ 10 ಮೀಟರ್ ಕೆಳಗಿತ್ತು, ಏಣಿ 3 ಮೀಟರ್‌ಗೇ ಮುಗಿಯುತ್ತಿತ್ತು. ಇಳಿದವನು ಗಾಳಿ ಮುಗಿದು ಮೇಲೆ ಬಂದರೂ ಹೊರಬರಲು ದಾರಿಯಿಲ್ಲ. ಕಣ್ಣು ಕಾಣದ ಕೆಸರು, ಗೋಡೆಯಿಂದ ಬಿಡಿಸಿಕೊಂಡು ಬೀಳುವ ಟೈಲ್ಸ್, ಕರೆಂಟ್ ತಂತಿ ಇಳಿಬಿದ್ದ ಪಂಪ್. ಅರ್ಧ ಖಾಲಿಯಾದ ಆಳದ ಕೊಳ ತುಂಬಿದ ಕೊಳಕ್ಕಿಂತ ಅಪಾಯಕಾರಿ.

ಎಷ್ಟು ನೀರು ಬೇಕು? ಹೊರಗಿನ ಮಟ್ಟಕ್ಕೆ ಸಮ ಮಾಡಿದರೆ ಸಾಕು. ಅದು ಹೆಚ್ಚೂಕಡಿಮೆ ಅಂಗಳದ ಮಟ್ಟವೇ. ಬಾವಿಯಲ್ಲಿ ಇನ್ನು 7 ಮೀಟರ್ ಏರಬೇಕು, ಅಂದರೆ 137 ಘನ ಮೀಟರ್. ಸ್ವಂತ ಬೋರ್‌ವೆಲ್ ಗಂಟೆಗೆ 6 ಸಾವಿರ ಲೀಟರ್ ಕೊಡುತ್ತಿತ್ತು. ಪಕ್ಕದ ಗಿರಣಿಯವರು ಭತ್ತ ನೆನೆಹಾಕುವ ತೊಟ್ಟಿಯ ಸಂಪಿನಿಂದ ಗಂಟೆಗೆ 14 ಸಾವಿರ ಲೀಟರ್ ಬಿಟ್ಟರು. ನೀರು ಕೊಳಕಾಗುತ್ತದೆ ಎಂದು ಯಾರೋ ಗೊಣಗಿದರು. ಎಂಜಿನಿಯರ್ ಅದಕ್ಕೆ ಕಿವಿಗೊಡಲಿಲ್ಲ; ಕೊಳಕು ನೀರನ್ನು ಆಮೇಲೆ ಶುದ್ಧ ಮಾಡಬಹುದು ಎಂದರು. ಬೆಳಗಿನ ಏಳಕ್ಕೆ ನೀರು ಅಂಗಳ ಮುಟ್ಟಿತು, ಕೆಸರು ಏಳುವುದು ನಿಂತಿತು. ಮರುದಿನ ರೈತರ ಬಾವಿಗೆ ಹಗ್ಗ ಇಳಿಸಿ, ನೆಲದ ಮಟ್ಟ ಸರಿಹೊಂದಿಸಿ ಅಳೆದಾಗ ಸಿಕ್ಕಿದ್ದೇ ಆ 2.7 ಮೀಟರ್.

ನೀರೊಳಗಿನ ದುರಸ್ತಿ

ಫಿಲ್ಟರ್, ಕ್ಲೋರಿನ್, ತಳದ ಕೆಸರು ಹೀರುವುದು ಎಲ್ಲ ಸೇರಿ ನೀರು ತಿಳಿಯಾಗಲು 11 ದಿನ ಹಿಡಿಯಿತು. ಆಮೇಲೆ ಮೊದಲೇ ಮಾಡಬಹುದಾಗಿದ್ದ ಕೆಲಸ ಮಾಡಿದರು. ಪಂಪ್‌ಗಳ ಸ್ವಿಚ್ ತೆಗೆದು ಬೀಗ ಹಾಕಿ, ನೀರು ಪೂರ್ತಿ ನಿಂತ ಮೇಲೆ, ಸೂಜಿಯಿಲ್ಲದ ಸಿರಿಂಜ್‌ನಿಂದ ಗೋಡೆಯಿಂದ ಎರಡು ಬೆರಳು ದೂರದಲ್ಲಿ ಬಣ್ಣ ಬಿಡುತ್ತ ಡೈವರ್‌ಗಳು ಸುತ್ತು ಹಾಕಿದರು. ದೀಪದ ಗೂಡು, ಪೈಪು ಗೋಡೆ ದಾಟುವ ಜಾಗ, ಕಾಂಕ್ರೀಟ್ ಜೋಡಣೆ, ಈ ಕ್ರಮದಲ್ಲಿ ನೋಡಬೇಕು. 7 ಮೀಟರ್‌ನಲ್ಲಿ ನೀರು ವಾಪಸು ಬರುವ ಪೈಪಿನ ಕೊರಳ ಹತ್ತಿರ ಬಣ್ಣ ದಾರದಂತೆ ಒಳಕ್ಕೆ ಎಳೆದುಕೊಂಡಿತು.

ಕೊರಳ ಸುತ್ತ 20 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಆಳ ಉಳಿಯಿಂದ ಕೆತ್ತಿ, ತಂತಿ ಬ್ರಷ್‌ನಿಂದ ಪಾಚಿ, ಪುಡಿ ತೆಗೆದರು. ನೀರಿನಲ್ಲೇ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಯನ್ನು ದಡದಲ್ಲಿ ಒಂದೇ ಬಣ್ಣ ಬರುವವರೆಗೆ ನಾದಿ, ಮುಷ್ಟಿಯಷ್ಟು ಉಂಡೆಗಳಾಗಿ ಕೆಳಗೆ ಕಳಿಸಿದರು. 30 ಡಿಗ್ರಿ ನೀರಿನಲ್ಲಿ ಅದು ಬೇಗ ಬಿಗಿಯುತ್ತದೆ. ಮೊದಲ ದಿನ ಒಂದೇ ಸಲಕ್ಕೆ ಬಹಳ ನಾದಿ ಅರ್ಧ ಹಾಳಾಯಿತು. ಒಳಗಿನಿಂದ ಹೊರಕ್ಕೆ ಒತ್ತಿ ತುಂಬಬೇಕು, ಮೇಲೆ ಸವರಿದರೆ ಕೂರುವುದಿಲ್ಲ. 24 ಗಂಟೆ ಬಿಟ್ಟು ಬಕೆಟ್ ಪರೀಕ್ಷೆ ಮಾಡಿದಾಗ ಕೊಳದ ಇಳಿತ ಬಕೆಟ್‌ನ ಇಳಿತಕ್ಕೆ ಹತ್ತಿರ ಬಂತು. ತಳದ ಬಿರುಕಿಗೂ ಅದೇ ಎಪಾಕ್ಸಿಯ ತಾತ್ಕಾಲಿಕ ತೇಪೆ ಬಿತ್ತು.

ಗಾಳಿಯ ಲೆಕ್ಕ: 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಅಂದರೆ 2,400 ಲೀಟರ್. ಕೊನೆಯ 50 ಬಾರ್ ತುರ್ತಿಗೆಂದು ಮುಟ್ಟಬಾರದು, ಉಳಿದದ್ದು 1,800. ಕೆಲಸ ಮಾಡುವ ಡೈವರ್ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 25 ಲೀಟರ್ ಉಸಿರಾಡಿದರೆ 14 ಮೀಟರ್‌ನಲ್ಲಿ ಅದು 60 ಆಗುತ್ತದೆ. ಅರ್ಧ ಗಂಟೆಗೆ ಮುಗಿಯುವ ಗಾಳಿಗೆ 20 ನಿಮಿಷದ ಮಿತಿ ಹಾಕಿದರು. ಇನ್ನೊಂದು ಸೂಕ್ಷ್ಮ: ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. 300 ಮೀಟರ್ ದಾಟಿದ ಕಡೆ ಕೊಳವಾದರೂ ಎತ್ತರದ ಡೈವ್ ಎಂದೇ ಎಣಿಸಬೇಕು. ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದರಿಂದ 14 ಮೀಟರ್‌ಗೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಡೈವ್ ಕೋಷ್ಟಕದ 18 ಮೀಟರ್ ಸಾಲನ್ನು ಬಳಸಿದರು.

ಮೇ ತಿಂಗಳ ಕೆಲಸ

ಕಾಲುವೆ ನಿಂತು ಅಂತರ್ಜಲ 9 ಮೀಟರ್‌ಗೆ ಇಳಿಯುವವರೆಗೆ ತಳದ ಶಾಶ್ವತ ದುರಸ್ತಿಗೆ ಕೈಹಾಕಲಿಲ್ಲ. ಆಗಲೂ ತಳದಡಿ 5 ಮೀಟರ್‌ಗೂ ಹೆಚ್ಚು ನೀರಿನ ಒತ್ತಡ ಉಳಿದಿರುತ್ತದೆ. ಅದಕ್ಕಾಗಿ ಕೊಳದ ಎರಡು ಬದಿಗೆ 20 ಮೀಟರ್ ಆಳದ ಕೊಳವೆಬಾವಿ ಕೊರೆದು ಪಂಪ್‌ನಿಂದ ನೀರೆತ್ತುತ್ತ, ಮೂರನೆಯದೊಂದು ಬರೀ ಮಟ್ಟ ನೋಡುವ ಪೈಪ್ ಇಳಿಸಿದರು. ಆ ಪೈಪಿನಲ್ಲಿ ನೀರು 15 ಮೀಟರ್‌ಗಿಂತ ಕೆಳಗೆ ಹೋದ ಮೇಲೆಯೇ ಕೊಳ ಖಾಲಿ ಮಾಡಿದ್ದು. ಮೊದಲೇ ಒಂದು ಗಂಟೆ ಪಂಪ್ ನಿಲ್ಲಿಸಿ ನೋಡಿದಾಗ ನೀರು 60 ಸೆಂಟಿಮೀಟರ್ ಏರಿತ್ತು. ಕರೆಂಟ್ ಹೋದರೆ ಎಷ್ಟು ಹೊತ್ತು ಸಿಗುತ್ತದೆ ಎಂಬುದು ಅದರಿಂದ ತಿಳಿಯಿತು. ಜನರೇಟರ್ ಪಕ್ಕದಲ್ಲೇ ನಿಂತಿತು.

ಬಿರುಕಿಗೆ ಪಾಲಿಯುರೆಥೇನ್ ಒತ್ತಿ ತುಂಬಿಸಿ, ಹಳೆಯ ಮೈಯನ್ನು ಒರಟು ಮಾಡಿ, ಗೋಡೆಯ ಸುತ್ತ 30 ಸೆಂಟಿಮೀಟರ್‌ಗೊಂದರಂತೆ 16 ಮಿಲಿಮೀಟರ್ ಸರಳುಗಳನ್ನು ಎಪಾಕ್ಸಿಯಲ್ಲಿ ನೆಟ್ಟು, ಮೇಲ್ಮುಖಕ್ಕೆ ದಟ್ಟ ಜಾಲರಿ ಕೊಟ್ಟು 25 ಸೆಂಟಿಮೀಟರ್ ಹೊಸ ಕಾಂಕ್ರೀಟ್ ಹಾಕಿದರು. ಒಟ್ಟು 5 ಘನ ಮೀಟರ್, ಒಂದೇ ಲಾರಿ. ಬಿಸಿಲಿಗೆ ಹೆದರಿ ಬೆಳಗಿನ ಜಾವ ಐದಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸಿ, 14 ದಿನ ನೀರು ನಿಲ್ಲಿಸಿದರು. ತುಂಬಿಸುವಾಗಿನ ಕ್ರಮ ಮುಖ್ಯ: ಮೊದಲು ಕೊಳ ತುಂಬಬೇಕು, ಕೊಳವೆಬಾವಿಯ ಪಂಪ್ ನಿಲ್ಲಿಸುವುದು ಕೊನೆಗೆ. ಕೆಲಸ ಮುಗಿಯಿತೆಂದು ಮೇಸ್ತ್ರಿ ಖಾಲಿ ಕೊಳದಲ್ಲೇ ಪಂಪ್ ತೆಗೆಯಲು ಹೊರಟಿದ್ದರು. ಎಂಜಿನಿಯರ್ ಅಲ್ಲೇ ಇದ್ದದ್ದರಿಂದ ತಪ್ಪಿತು.

ಸವಳು-ಜವಳು (ಉಪ್ಪುಗಟ್ಟಿದ, ನೀರು ನಿಂತು ಕೆಟ್ಟ ನೆಲ) ಎಂಬ ಜೋಡಿಪದ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಪ್ರತಿ ರೈತರ ಬಾಯಲ್ಲಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆ ಮಣ್ಣಿನ ಮೇಲೆಯೇ ಸಂಶೋಧನೆ ನಡೆಯುತ್ತದೆ. ಕಾಲುವೆ ಬಿಟ್ಟಾಗ ನೆಲದಡಿಯ ನೀರು ಏರುತ್ತದೆ ಎಂಬುದು ಇಲ್ಲಿ ಗುಟ್ಟಲ್ಲ. ನಕ್ಷೆ ಬರೆದವರು ಬೇಸಿಗೆಯಲ್ಲಿ ಬಂದು ಗುಂಡಿ ನೋಡಿದರು, ಭತ್ತ ಮೊಳಕಾಲೆತ್ತರ ನಿಂತಾಗ ಒಮ್ಮೆಯೂ ಬರಲಿಲ್ಲ. ಹಣ ಖರ್ಚಾಗದೆ ಸಿಗುವ ಮಾಹಿತಿ ಸುತ್ತಲಿನ ನಾಲ್ಕು ಬಾವಿಗಳಲ್ಲಿತ್ತು. ಜೂನ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಅಳೆದಿದ್ದರೆ ತಳಕ್ಕೆ ಎಷ್ಟು ದಪ್ಪ ಬೇಕು, ಮೇಲ್ಮುಖಕ್ಕೆ ಎಷ್ಟು ಸರಳು ಬೇಕು ಎಂಬುದು ಮೊದಲೇ ಗೊತ್ತಾಗುತ್ತಿತ್ತು. ಒಟ್ಟು ತೂಕ ನೀರು ಎತ್ತುವ ಬಲಕ್ಕಿಂತ ಕನಿಷ್ಠ 1.2 ಪಟ್ಟು ಇರಬೇಕು ಎಂಬುದು ಸಾಮಾನ್ಯ ನಿಯಮ, ಅದೂ ಅಂತರ್ಜಲ ಅತಿ ಮೇಲಿರುವ ತಿಂಗಳ ಲೆಕ್ಕದಲ್ಲಿ.

ಈಗ ಮಟ್ಟ ನೋಡುವ ಪೈಪಿಗೆ ಮುಚ್ಚಳ ಹಾಕಿ, ಪ್ರತಿ ಸೋಮವಾರ ಅಳತೆ ಬರೆದಿಡುತ್ತಾರೆ. ಒಳಗಿನ ನೀರು ಹೊರಗಿನ ಮಟ್ಟಕ್ಕಿಂತ ಒಂದು ಮೀಟರ್‌ಗಿಂತ ಹೆಚ್ಚು ಕೆಳಗೆ ಹೋಗಬಾರದು ಎಂಬುದನ್ನು ಪಂಪ್ ಮನೆಯ ಗೋಡೆಗೆ ಬಣ್ಣದಲ್ಲಿ ಬರೆಸಿದ್ದಾರೆ. ಆಳದ ಫಲಕದಲ್ಲಿ 14 ಇದ್ದದ್ದು 13.75 ಆಗಿದೆ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಪೈಪಿನ ಅಳತೆ 2.5 ಮೀಟರ್ ತೋರಿಸಿತು. ಅದೇ ವಾರ 4 ಮೀಟರ್ ಆಳದಲ್ಲಿ ಐದಾರು ಟೈಲ್ಸ್ ಸಡಿಲವಾಗಿದ್ದವು. ಇಬ್ಬರು ಡೈವರ್‌ಗಳು ಎಪಾಕ್ಸಿ ಉಂಡೆ ಹಿಡಿದು ಇಳಿದು, 25 ನಿಮಿಷದಲ್ಲಿ ನೀರೊಳಗೇ ಅವನ್ನು ಕೂರಿಸಿ ಬಂದರು.